ಲೇಸರ್ ಪೆಟ್ಟಿಗೆಯ ಮನೆವಾರ್ತೆ

೨೦೨೪ನೆಯ ಇಸವಿ ದಶಂಬರ ತಿಂಗಳಲ್ಲಿ ನಡೆದ ನಮ್ಮ ಶಾಲೆಯ ವಾರ್ಷಿಕೋತ್ಸವದ ರಾತ್ರಿ, ಸಭಾಗೃಹದ ಗೋಡೆಯ ಮೇಲೆ ಬಣ್ಣದ ಬೆಳಕಿನ ಗೆರೆಗಳಿಂದ ಶಾಲೆಯ ಹಳೆಯ ಕಟ್ಟಡವೂ ಅದರ ಮುಂದಣ ಮಾವಿನ ಮರವೂ ಬರೆಯಲ್ಪಟ್ಟದ್ದನ್ನು ಅನೇಕ ಮಂದಿ ಹಳೆಯ ವಿದ್ಯಾರ್ಥಿನಿಯರೂ ಪೋಷಕರೂ ನೋಡಿ ಸಂತೋಷಪಟ್ಟರು. ಆ ಯಂತ್ರವನ್ನು ಒಂಭತ್ತನೆಯ ಮತ್ತು ಹತ್ತನೆಯ ತರಗತಿಗಳ ಏಳು ಮಂದಿ ಹುಡುಗಿಯರು ನಮ್ಮ ವಿಜ್ಞಾನದ ಕೋಣೆಯಲ್ಲಿಯೇ ಜೋಡಿಸಿದರೆಂದು ತಿಳಿದ ಮೇಲೆ ಹಲವರು ಅದರ ವಿವರವನ್ನು ಕೇಳಿ ನಮಗೆ ಬರೆದಿದ್ದಾರೆ. ತಮ್ಮ ಮಕ್ಕಳು ಮನೆಯಲ್ಲಿ ಇಂಥದನ್ನು ಮಾಡಬಹುದೋ ಎಂದು ವಿಚಾರಿಸಿದವರೂ ಉಂಟು. ಅವರೆಲ್ಲರಿಗೆ ಉತ್ತರವಾಗಿ ಈ ಲೇಖನವನ್ನು ಬರೆಯುತ್ತೇವೆ. ಬಿಡಿಭಾಗಗಳನ್ನು ಎಲ್ಲಿ ಕೊಳ್ಳಬೇಕೆಂಬದನ್ನು ನಾವು ಇಲ್ಲಿ ಹೇಳುವದಿಲ್ಲ. ಕೊಂಡ ಭಾಗಗಳನ್ನು ಪೆಟ್ಟಿಗೆಯೊಳಗೆ ಎಲ್ಲೆಲ್ಲಿ ಇಡಬೇಕೆಂಬದೇ ನಮ್ಮ ವಿಷಯ. ಯಾಕಂದರೆ ನಾವು ಸೋತದ್ದು ಅದರಲ್ಲಿಯೇ, ಮತ್ತು ಆ ಸೋಲಿನ ದೊಡ್ಡ ಪಾಲು ಹುಡುಗಿಯರಿಗೆ ಸೇರದೆ ನಮಗೆ ಸೇರಿದ್ದಾಗಿತ್ತು.

ಮೊದಲು ಯಂತ್ರದ ಪರಿಚಯವನ್ನು ಮಾಡಿಕೊಡುವೆವು. ಲೇಸರ್ ಎಂಬ ಬೆಳಕನ್ನು ೧೯೬೦ನೆಯ ಇಸವಿ ಮೇ ತಿಂಗಳಲ್ಲಿ ಅಮೇರಿಕದ ಕ್ಯಾಲಿಫೋರ್ನಿಯ ಪ್ರಾಂತದಲ್ಲಿ ಥಿಯೊಡೋರ್ ಮೇಮನ್ ಎಂಬವರು ಕೃತಕ ಮಾಣಿಕ್ಯದ ಕಡ್ಡಿಯೊಂದರಿಂದ ಮೊತ್ತಮೊದಲು ಹೊರಡಿಸಿದರು. ಈಗ ಅದು ಅಕ್ಕಿಕಾಳಿಗಿಂತಲೂ ಚಿಕ್ಕದಾದ ಹರಳಿನಿಂದ ಬರುತ್ತದೆ. ಅದಕ್ಕೆ ಲೇಸರ್ ಡಯೋಡ್ ಎಂದು ಹೆಸರು. ನಮ್ಮ ಪೆಟ್ಟಿಗೆಯಲ್ಲಿ ಕೆಂಪು, ಹಸುರು, ನೀಲಿ ಎಂಬ ಮೂರು ಡಯೋಡ್‌ಗಳಿವೆ. ಅವುಗಳ ಬೆಳಕಿನ ಅಲೆಯುದ್ದಗಳು ಕ್ರಮವಾಗಿ ೬೩೮, ೫೨೦, ೪೫೦ ನ್ಯಾನೊಮೀಟರುಗಳು. ಮೂರು ಕಿರಣಗಳನ್ನೂ ಸಣ್ಣ ಕನ್ನಡಿಗಳಿಂದ ಒಂದೇ ರೇಖೆಗೆ ತಂದರೆ ಬಿಳಿಯ ಕಿರಣವಾಗುವದು. ಆ ಕಿರಣವು ಉಗುರಿನಷ್ಟೇ ದೊಡ್ಡದಾದ ಇನ್ನೆರಡು ಕನ್ನಡಿಗಳ ಮೇಲೆ ಬೀಳುವದು. ಅವುಗಳಲ್ಲಿ ಒಂದು ಬೆಳಕನ್ನು ಎಡಕ್ಕೂ ಬಲಕ್ಕೂ, ಮತ್ತೊಂದು ಮೇಲಕ್ಕೂ ಕೆಳಕ್ಕೂ ಒಯ್ಯುವದು. ಈ ಕನ್ನಡಿಗಳನ್ನು ತಿರುಗಿಸುವ ಸಾಧನಕ್ಕೆ ಗ್ಯಾಲ್ವನೊಮೀಟರ್ ಎಂದೂ, ರೂಢಿಯಲ್ಲಿ ಗ್ಯಾಲ್ವೊ ಎಂದೂ ಹೇಳುವರು. ನಮ್ಮಲ್ಲಿ ಓದಿದವರೆಲ್ಲರೂ ಗ್ಯಾಲ್ವನೊಮೀಟರಿನ ಮುಳ್ಳನ್ನು ನೋಡಿದವರೇ. ೧೮೫೮ರಲ್ಲಿ ಅಟ್ಲಾಂಟಿಕ್ ಸಮುದ್ರದ ತಳದಲ್ಲಿ ಹಾಸಿದ ತಂತಿಯಿಂದ ಬರುತ್ತಿದ್ದ ಅತಿ ಕ್ಷೀಣವಾದ ಸಂದೇಶಗಳನ್ನು ಓದುವದಕ್ಕೆ, ಮುಂದೆ ಕೆಲ್ವಿನ್ ಪ್ರಭುವೆನಿಸಿದ ವಿಲಿಯಂ ಥಾಮ್ಸನ್ನರು ಮುಳ್ಳಿನ ಬದಲು ಕನ್ನಡಿಯನ್ನೂ ಬೆಳಕಿನ ಚುಕ್ಕೆಯನ್ನೂ ಉಪಯೋಗಿಸಿದರು. ನಮ್ಮ ಗ್ಯಾಲ್ವೊ ಆ ವಂಶದ್ದೇ. ಅದರ ಬಾಲದಲ್ಲಿ ಪುಟ್ಟ ಕಣ್ಣೊಂದಿದೆ. ಕನ್ನಡಿಯು ಈಗ ಎತ್ತ ತಿರುಗಿದೆ ಎಂಬದನ್ನು ಅದು ಸಣ್ಣ ವಿದ್ಯುತ್ ಪ್ರವಾಹದ ಮೂಲಕ ಡ್ರೈವರ್ ಬೋರ್ಡಿಗೆ ಎಡೆಬಿಡದೆ ತಿಳಿಸುತ್ತಿರುವದು. ಓದುಗರು ಈ ಕಣ್ಣನ್ನು ನೆನಪಿನಲ್ಲಿಡಬೇಕು.

ಜೂನ್ ತಿಂಗಳಲ್ಲಿ ಕೆಲಸ ಆರಂಭವಾಯಿತು. ಒಂಭತ್ತನೆಯ ತರಗತಿಯ ಒಬ್ಬ ಹುಡುಗಿಯು ಚೌಕಳಿ ಕಾಗದದ ಮೇಲೆ ಪೆಟ್ಟಿಗೆಯ ನಕ್ಷೆಯೊಂದನ್ನು ಬರೆದು ತಂದಳು. ಅದರಲ್ಲಿ ಎರಡು ಕೋಣೆಗಳಿದ್ದು ನಡುವೆ ಗೋಡೆಯಿತ್ತು.

"ಟೀಚರ್, ಟ್ರಾನ್ಸ್‌ಫಾರ್ಮರನ್ನು ಬೇರೆ ಕೋಣೆಯಲ್ಲಿಡಬೇಕು," ಎಂದಳು.

"ಇಷ್ಟು ದೊಡ್ಡ ಪೆಟ್ಟಿಗೆಯು ವೇದಿಕೆಯ ಮೇಲೆ ಶೋಭಿಸದು, ಮಗೂ. ಹಾರ್ಮೋನಿಯಮ್ಮಿನಷ್ಟಿದ್ದರೆ ಸಾಕು," ಎಂದು ಹೇಳಿ ನಾವು ಆ ಕಾಗದವನ್ನು ಮೇಜಿನ ಖಾನೆಯಲ್ಲಿಟ್ಟೆವು. ಅಂದ ಕಾಣಬೇಕೆಂಬದೊಂದೇ ನಮ್ಮ ಕಾರಣವಾಗಿತ್ತು.

ಹೀಗೆ ಮೊದಲನೆಯ ಪೆಟ್ಟಿಗೆಯು ಅಟ್ಟದ ಮನೆಯಂತಾಯಿತು. ಕೆಳಗಡೆ ಟ್ರಾನ್ಸ್‌ಫಾರ್ಮರೂ ವೋಲ್ಟೇಜನ್ನು ಸ್ಥಿರಪಡಿಸುವ ರೆಗ್ಯುಲೇಟರುಗಳೂ. ಅವುಗಳ ಮೇಲೆ ತೆಳುವಾದ ಅಲ್ಯುಮಿನಿಯಂ ತಗಡು. ತಗಡಿನ ಮೇಲೆ ಲೇಸರುಗಳು, ಕನ್ನಡಿಗಳು, ಗ್ಯಾಲ್ವೊಗಳು. ತಂತಿಗಳನ್ನೆಲ್ಲಾ ಒಂದೇ ಕಟ್ಟಾಗಿ ಅಚ್ಚುಕಟ್ಟಾಗಿ ಬಿಗಿದಿದ್ದೆವು. ಹಿಂದುಗಡೆ ಒಂದು ಫ್ಯಾನು. ನೋಡುವದಕ್ಕೆ ಬಹು ಚೆನ್ನಾಗಿತ್ತು.

ನವಂಬರದಲ್ಲಿ ಒಂದು ಸಂಜೆ ಸಭಾಗೃಹದಲ್ಲಿ ಅಭ್ಯಾಸಕ್ಕಿಟ್ಟೆವು. ದೀಪ ಹತ್ತಿಸಿದ ಕ್ಷಣದಿಂದಲೇ ವೃತ್ತವು ವೃತ್ತವಾಗಿರಲಿಲ್ಲ. ಅದರ ಅಂಚು ಚಕ್ಕುಲಿಯ ಅಂಚಿನಂತೆ ಡೊಂಕುಡೊಂಕಾಗಿ ಮೆಲ್ಲಗೆ ಹರಿದಾಡುತ್ತಿತ್ತು. ಒಂದು ಚಿತ್ರದಿಂದ ಇನ್ನೊಂದಕ್ಕೆ ಕಿರಣವು ಹಾರುವಾಗ ಕತ್ತಲೆಯಾಗಿರಬೇಕಾದ ದಾರಿಯಲ್ಲಿ ಮಸುಕಾದ ನೀಲಿಯ ಗೆರೆ ಕಾಣುತ್ತಿತ್ತು. ಇಪ್ಪತ್ತೈದು ನಿಮಿಷಗಳಾಗುವಾಗ ಬಿಳುಪು ಹಸುರುನೀಲಿಯಾಗತೊಡಗಿತು, ಅಂದರೆ ಕೆಂಪು ಕುಂದುತ್ತಿತ್ತು. ಅನಂತರ ಕಟ್ಟಡದ ಗೆರೆಗಳು ಒಂದೊಂದೂ ಮೂರಾಗಿ, ಕೆಟ್ಟ ಅಚ್ಚಿನ ಬಣ್ಣದ ಚಿತ್ರದಂತೆ, ಬಣ್ಣಬಣ್ಣವಾಗಿ ಬೇರ್ಪಟ್ಟವು. ಮುಕ್ಕಾಲು ಗಂಟೆ ಕಳೆದ ಸ್ವಲ್ಪ ಹೊತ್ತಿನಲ್ಲಿ ಚಿತ್ರವೆಲ್ಲವೂ ಒಮ್ಮೆಲೇ ಮುದುಡಿ ಗೋಡೆಯ ಮೇಲೆ ಒಂದೇ ಒಂದು ಚುಕ್ಕೆಯಾಗಿ ನಿಂತಿತು.

ಐದನೆಯ ತರಗತಿಯ ಎರಡು ಸಾಲು ಮಕ್ಕಳು ಆ ಗೋಡೆಯ ಕೆಳಗೆ ನೆಲದ ಮೇಲೆ ಕುಳಿತು ನೋಡುತ್ತಿದ್ದರು. ಕಿರಣವನ್ನು ಅವರ ತಲೆಗಿಂತ ಬಹು ಮೇಲೆ ಕಟ್ಟಿದ್ದೆವಾದ್ದರಿಂದ ಯಾರಿಗೂ ಏನೂ ಆಗಲಿಲ್ಲ. ನಾವು ಬೀಗದ ಕೈಯನ್ನು ತಿರುಗಿಸಿ ಯಂತ್ರವನ್ನು ನಿಲ್ಲಿಸಿದೆವು. ಆದರೆ ಆ ಚುಕ್ಕೆಯ ಅರ್ಥವೇನೆಂದು ಪೋಷಕರು ತಿಳಿಯಬೇಕು. ಕಣ್ಣಿಗೆ ಕಾಣುವ ಲೇಸರ್ ಕಿರಣದ ಬಲವು ೧ ಮಿಲಿವಾಟಿಗಿಂತ ಕಡಿಮೆಯಾಗಿದ್ದರೆ, ಅದು ಅಕಸ್ಮಾತ್ತಾಗಿ ಕಣ್ಣಿಗೆ ಬಿದ್ದರೂ ಕಾಲು ಸೆಕೆಂಡಿನೊಳಗೆ ರೆಪ್ಪೆ ಮುಚ್ಚಿಕೊಂಡು ಕಣ್ಣು ಉಳಿಯುವದೆಂಬದು ಸುರಕ್ಷಿತತೆಯ ಲೆಕ್ಕ. ನಮ್ಮ ಮೂರು ಕಿರಣಗಳ ಒಟ್ಟು ಬಲವು ೩೮೦ ಮಿಲಿವಾಟು. ಚಲಿಸುತ್ತಿರುವಾಗ ಅದು ಚಿತ್ರದುದ್ದಕ್ಕೂ ಹಂಚಿಹೋಗುವದು. ನಿಂತಿತೆಂದರೆ ಬಲವೆಲ್ಲವೂ ಒಂದೇ ಸ್ಥಳದಲ್ಲಿ. ಅಷ್ಟಾದರೆ ರೆಪ್ಪೆಯ ವೇಗ ಸಾಲದು, ಕಣ್ಣಿನ ಒಳಪದರ ಸುಡುವದು; ಸುಟ್ಟದ್ದು ಮರಳಿ ಮೊದಲಿನಂತಾಗದು. ಆ ರಾತ್ರಿ ನಮಗೆ ನಿದ್ದೆ ಬರಲಿಲ್ಲ. ಬೆಳಿಗ್ಗೆ ಶಾಲೆಗೆ ಬಂದು ಮೊದಲು ಮಾಡಿದ ಕೆಲಸವೆಂದರೆ ಮೇಜಿನ ಖಾನೆಯಿಂದ ಆ ನಕ್ಷೆಯನ್ನು ತೆಗೆದು ಹುಡುಗಿಯ ಕೈಗೆ ಕೊಟ್ಟು, ನಿನ್ನ ಮಾತನ್ನು ಕೇಳಬೇಕಾಗಿತ್ತು ಎಂದು ಹೇಳಿದ್ದು.

ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬರು ಬೆಂಗಳೂರಿನಲ್ಲಿ ಎಂಜಿನಿಯರಾಗಿದ್ದಾರೆ. ಅವರು ಎರಡು ಶನಿವಾರಗಳಲ್ಲಿ ಬಂದು ಹುಡುಗಿಯರೊಂದಿಗೆ ಪೆಟ್ಟಿಗೆಯನ್ನು ಬಿಚ್ಚಿದರು. ಕಂಡುಬಂದದ್ದೇನೆಂದರೆ, ಒಂದು ಭಾಗವೂ ಕೆಟ್ಟಿರಲಿಲ್ಲ. ಹೊಸ ಗ್ಯಾಲ್ವೊಗಳನ್ನು ತರಿಸಬೇಕೆಂದು ನಾವು ಹಣವನ್ನು ಲೆಕ್ಕ ಹಾಕಿಟ್ಟಿದ್ದೆವು, ಅದು ಉಳಿಯಿತು. ಎಲ್ಲಾ ರೋಗಗಳೂ ಸ್ಥಳದ ರೋಗಗಳಾಗಿದ್ದವು.

ಶಾಖದ ವಿಷಯವನ್ನು ಮೊದಲು ಹೇಳುವೆವು. ನಮ್ಮ ಯಂತ್ರವು ಗೋಡೆಯ ಪ್ಲಗ್ಗಿನಿಂದ ಸುಮಾರು ೬೦ ವಾಟು ವಿದ್ಯುತ್ತನ್ನು ತಕ್ಕೊಳ್ಳುವದು. ಬೆಳಕಾಗಿ ಹೊರಗೆ ಹೋಗುವದು ಅರ್ಧ ವಾಟಿಗಿಂತಲೂ ಕಡಿಮೆ. ಮಿಕ್ಕದ್ದೆಲ್ಲಾ ಶಾಖವಾಗಿ ಪೆಟ್ಟಿಗೆಯೊಳಗೇ ಇರುವದು; ಹಳೆಯ ಕಾಲದ ೬೦ ವಾಟಿನ ಬಲ್ಬನ್ನು ಟ್ರಂಕಿನೊಳಗಿಟ್ಟು ಮುಚ್ಚಿದಂತೆಯೇ ಸರಿ. ರೆಗ್ಯುಲೇಟರುಗಳನ್ನೇ ನೋಡಿರಿ. ೨೨ ವೋಲ್ಟನ್ನು ಅವು ೧೫ಕ್ಕೆ ಇಳಿಸುತ್ತವೆ; ಒಂದು ಆಂಪಿಯರ್ ಹರಿದರೆ ಒಂದೊಂದರಲ್ಲಿ ೭ ವಾಟು, ಎರಡರಲ್ಲಿ ೧೪ ವಾಟು ಬರಿಯ ಶಾಖವಾಗಿ ಹೋಗುವದು. ಈ ಒಲೆಯ ಮೇಲೆ ನಾವು ಲೇಸರುಗಳನ್ನು ಕೂರಿಸಿದ್ದೆವು! ಉಪ್ಪಿನಕಾಯಿ ಭರಣಿಯನ್ನು ಒಲೆಯ ದಂಡೆಯಲ್ಲಿಡಬಾರದೆಂದು ಗೃಹವಿಜ್ಞಾನದ ಪಾಠದಲ್ಲಿ ಹೇಳುವ ನಾವೇ ಹೀಗೆ ಮಾಡಿದೆವು.

ಮೂರು ಬಣ್ಣಗಳಲ್ಲಿ ಕೆಂಪು ಡಯೋಡಿಗೆ ಶಾಖವನ್ನು ಸಹಿಸುವ ಶಕ್ತಿ ಎಲ್ಲಕ್ಕಿಂತ ಕಡಿಮೆ. ಬಿಸಿಯಾದಂತೆ ಅದು ಅಷ್ಟೇ ಪ್ರವಾಹಕ್ಕೆ ಕಡಿಮೆ ಬೆಳಕನ್ನು ಕೊಡುವದು. ಅದಲ್ಲದೆ, ಒಂದೊಂದು ಡಿಗ್ರಿಗೂ ಅಲೆಯುದ್ದವು ಒಂದು ನ್ಯಾನೊಮೀಟರಿನ ಐದನೆಯ ಒಂದು ಪಾಲಿನಷ್ಟು ಹೆಚ್ಚುತ್ತಾ, ನಮ್ಮ ಕಣ್ಣು ಕಡಿಮೆ ಗ್ರಹಿಸುವ ಕಡೆಗೆ ಸರಿಯುವದು. ಹೀಗೆ ನಷ್ಟ ಇಮ್ಮಡಿ. ಕುಂದಿದ ಕೆಂಪನ್ನು ಕಂಡು ಪ್ರವಾಹವನ್ನು ಹೆಚ್ಚಿಸಿದವನು ಡಯೋಡನ್ನು ಕೊಲ್ಲುವನು, ಯಾಕಂದರೆ ಹೆಚ್ಚಿದ ಪ್ರವಾಹವು ಹೆಚ್ಚಿನ ಶಾಖವನ್ನೇ ತರುವದು. ಬಣ್ಣಗಳು ಬೇರ್ಪಟ್ಟದ್ದಕ್ಕೂ ಶಾಖವೇ ಕಾರಣ. ತೆಳುವಾದ ತಗಡು ಅಡಿಯಿಂದ ಒಂದೇ ಕಡೆ ಕಾದು ಹಪ್ಪಳದಂತೆ ಬಾಗಿತ್ತು. ಹತ್ತು ಸೆಂಟಿಮೀಟರ್ ಉದ್ದದ ತಗಡಿನ ಒಂದು ತುದಿಯು ಒಂದು ಮಿಲಿಮೀಟರಿನ ಇಪ್ಪತ್ತನೆಯ ಒಂದು ಪಾಲಿನಷ್ಟು ಏರಿದರೆ ಸಾಕು, ಅದರ ಮೇಲಣ ಕನ್ನಡಿಯಿಂದ ಹೊರಟ ಕಿರಣವು ಹತ್ತು ಮೀಟರ್ ದೂರದ ಗೋಡೆಯಲ್ಲಿ ಒಂದು ಸೆಂಟಿಮೀಟರ್ ಸರಿದುಹೋಗುವದು. ಹುಡುಗಿಯರು ಈ ಲೆಕ್ಕವನ್ನು ಕರಿಹಲಗೆಯ ಮೇಲೆ ತಾವೇ ಮಾಡಿದರು.

ಹೊಸ ಪೆಟ್ಟಿಗೆಗೆ ಮುಂದಣ ಕೋಣೆ, ಹಿಂದಣ ಕೋಣೆ ಎಂದು ಎರಡು ಭಾಗಗಳು. ಮುಂದಣ ಕೋಣೆಯಲ್ಲಿ ಲೇಸರುಗಳೂ ಕನ್ನಡಿಗಳೂ ಗ್ಯಾಲ್ವೊಗಳೂ ಇವೆ. ಅದಕ್ಕೆ ಗಾಜಿನ ಕಿಟಕಿಯುಂಟು, ಗಾಳಿಗಂಡಿಯಿಲ್ಲ. ಫ್ಯಾನಿನ ಗಾಳಿ ಒಳಗೆ ಬಂದರೆ ಧೂಳನ್ನೂ ತರುವದು. ಧೂಳಿನ ಕಣವು ಕನ್ನಡಿಯ ಮೇಲೆ ಕುಳಿತು ಕಿರಣದಿಂದ ಸುಟ್ಟು ಕಲೆಯಾಗುವದು. ಹಾಗಾದರೆ ಶಾಖವು ಹೋಗುವ ದಾರಿ ಯಾವದು? ನೆಲದ ಮೂಲಕ. ನೆಲವು ಹತ್ತು ಮಿಲಿಮೀಟರ್ ದಪ್ಪದ ಅಲ್ಯುಮಿನಿಯಂ ಹಲಗೆ; ಅದರ ಅಡಿಯಲ್ಲಿ ರೆಕ್ಕೆರೆಕ್ಕೆಯಾದ ಹೀಟ್ ಸಿಂಕ್; ಆ ರೆಕ್ಕೆಗಳ ನಡುವೆ ಸುರಂಗದಂತೆ ಗಾಳಿ ಹರಿಯುವದು. ಮೊದಲನೆಯ ಪೆಟ್ಟಿಗೆಯಲ್ಲಿ ಹುಡುಗಿಯರು ಅಂದಕ್ಕಾಗಿ ತಗಡಿಗೆ ಬಣ್ಣ ಬಳಿದು, ಅದರ ಮೇಲೆ ಲೇಸರನ್ನು ಕೂರಿಸಿದ್ದರು. ಬಣ್ಣದ ಪದರವೂ, ಒರಟು ಮೈಗಳ ನಡುವೆ ಸಿಕ್ಕಿದ ಗಾಳಿಯೂ ಶಾಖಕ್ಕೆ ಕಂಬಳಿ ಹೊದಿಸಿದಂತೆ. ಗಾಳಿಯು ಅಲ್ಯುಮಿನಿಯಮ್ಮಿಗಿಂತ ಸಾವಿರಾರು ಪಟ್ಟು ಮಂದವಾಗಿ ಶಾಖವನ್ನು ಸಾಗಿಸುವದು. ಆದುದರಿಂದ ಬಣ್ಣವನ್ನು ಕೆರೆದು ತೆಗೆದು, ಶಾಖವಾಹಕ ಪೇಸ್ಟನ್ನು ಬಹು ತೆಳುವಾಗಿ ಸವರಿ ಸ್ಕ್ರೂಗಳನ್ನು ಬಿಗಿದೆವು. ಪೇಸ್ಟನ್ನು ರೊಟ್ಟಿಗೆ ಬೆಣ್ಣೆ ಹಚ್ಚಿದಂತೆ ಹಚ್ಚಬಾರದು. ಸಂದು ತುಂಬುವದಷ್ಟೇ ಅದರ ಕೆಲಸ.

ಗಾಳಿಗೂ ಒಂದು ಕ್ರಮವುಂಟು. ಹೊರಗಣ ತಂಪು ಗಾಳಿಯು ಮೊದಲು ಲೇಸರುಗಳ ಕೆಳಗಣ ರೆಕ್ಕೆಗಳನ್ನೂ, ಅನಂತರ ಗ್ಯಾಲ್ವೊಗಳ ಡ್ರೈವರ್ ಬೋರ್ಡನ್ನೂ, ಕೊನೆಗೆ ರೆಗ್ಯುಲೇಟರುಗಳನ್ನೂ ಟ್ರಾನ್ಸ್‌ಫಾರ್ಮರನ್ನೂ ಮುಟ್ಟಿ ಹಿಂದುಗಡೆ ಮೇಲ್ಗಡೆಯಿಂದ ಹೊರಗೆ ಹೋಗಬೇಕು. ಮನೆಯಲ್ಲಿ ಗಾಳಿಯು ಜಗಲಿಯಿಂದ ಬಂದು ಅಡಿಗೆಮನೆಯ ಹೊಗೆಗಂಡಿಯಿಂದ ಹೊರಟುಹೋದರೆ ಸುಖ. ತಿರುಗಿ ಬೀಸಿದರೆ ಮನೆಯೆಲ್ಲಾ ಹೊಗೆ. ಮೊದಲನೆಯ ಪೆಟ್ಟಿಗೆಯಲ್ಲಿ ಫ್ಯಾನು ಅಡಿಗೆಮನೆಯ ಹೊಗೆಯನ್ನೇ ತೊಟ್ಟಿಲಿಗೆ ಬೀಸುತ್ತಿತ್ತು. ಮುಕ್ಕಾಲು ಗಂಟೆಯ ಮೇಲೆ ಚಿತ್ರವು ಚುಕ್ಕೆಯಾದದ್ದೂ ಇದರಿಂದಲೇ: ಡ್ರೈವರ್ ಬೋರ್ಡು ಅತಿಯಾಗಿ ಕಾದು, ತನ್ನನ್ನು ಉಳಿಸಿಕೊಳ್ಳುವದಕ್ಕೋಸ್ಕರ ತಾನೇ ಕೆಲಸ ನಿಲ್ಲಿಸಿತ್ತು. ಅದು ನಿಂತರೂ ಲೇಸರುಗಳು ಉರಿಯುತ್ತಲೇ ಇದ್ದವು.

ಇನ್ನು ಡೊಂಕು ವೃತ್ತದ ಸಂಗತಿ. ಪ್ರವಾಹವು ಏರಿ ಇಳಿಯುವ ತಂತಿಯ ಸುತ್ತಲೂ ಕಾಂತಕ್ಷೇತ್ರವು ಏರಿ ಇಳಿಯುವದು. ಆ ಕ್ಷೇತ್ರದಲ್ಲಿ ಸಿಕ್ಕಿದ ಇನ್ನೊಂದು ತಂತಿಯಲ್ಲಿ ಕೇಳದೆಯೇ ಪ್ರವಾಹ ಹುಟ್ಟುವದು. ೧೮೩೧ರಲ್ಲಿ ಮೈಕೆಲ್ ಫ್ಯಾರಡೆಯವರು ಕಂಡುಹಿಡಿದ ಈ ನಿಯಮದಿಂದಲೇ ಟ್ರಾನ್ಸ್‌ಫಾರ್ಮರು ಕೆಲಸ ಮಾಡುವದು, ಮತ್ತು ಅದರಿಂದಲೇ ಅದು ನೆರೆಹೊರೆಯವರಿಗೆ ಉಪದ್ರವವನ್ನೂ ಕೊಡುವದು. ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ ೫೦ ಸಲ ಅತ್ತಿತ್ತ ತಿರುಗುವದು. ಟ್ರಾನ್ಸ್‌ಫಾರ್ಮರಿನ ನೇರ ಮೇಲೆ ಗ್ಯಾಲ್ವೊವಿನ ಆ ಪುಟ್ಟ ಕಣ್ಣಿನ ತಂತಿ ಇತ್ತು. ಕಣ್ಣು ಹೇಳಿದ ಸತ್ಯದೊಂದಿಗೆ ಟ್ರಾನ್ಸ್‌ಫಾರ್ಮರಿನ ಸುಳ್ಳೂ ಸೇರಿ ಬೋರ್ಡಿಗೆ ತಲಪಿತು. ಬೋರ್ಡು ಇಲ್ಲದ ತಪ್ಪನ್ನು ತಿದ್ದಹೋಗಿ ಕನ್ನಡಿಯನ್ನು ಸೆಕೆಂಡಿಗೆ ೫೦ ಸಲ ಅಲುಗಾಡಿಸಿತು.

ಇದನ್ನು ಪರೀಕ್ಷಿಸಿದ ರೀತಿಯು ಹುಡುಗಿಯರಿಗೆ ಬಹಳ ಹಿಡಿಸಿತು. ಮೊದಲು ಟ್ರಾನ್ಸ್‌ಫಾರ್ಮರನ್ನು ಉದ್ದ ತಂತಿಗಳಿಂದ ಪೆಟ್ಟಿಗೆಯ ಹೊರಗೆ ಎರಡಡಿ ದೂರವಿಟ್ಟರು. ವೃತ್ತವು ಆ ಕ್ಷಣವೇ ಬಳೆಯಂತೆ ದುಂಡಗಾಯಿತು. ಚಿಕ್ಕ ಮೂಲದಿಂದ ಹೊರಡುವ ಕಾಂತಕ್ಷೇತ್ರವು ದೂರ ಇಮ್ಮಡಿಯಾದರೆ ಸುಮಾರು ಎಂಟನೆಯ ಒಂದು ಪಾಲಿಗೆ ಇಳಿಯುವದಾದ್ದರಿಂದ, ಪೆಟ್ಟಿಗೆಯಲ್ಲಿ ಒಂದು ಗೇಣಿನ ಅಂತರಕ್ಕೂ ಬಹಳ ಬೆಲೆಯುಂಟು. ಬಳಿಕ ಹಿಂದಣ ಕೋಣೆಯ ಕೊಟ್ಟಕೊನೆಯಲ್ಲಿ ಅದನ್ನು ಒಂದೇ ಬೋಲ್ಟಿನ ಮೇಲೆ ನಿಲ್ಲಿಸಿ, ಒಬ್ಬಳು ಗೋಡೆಯ ಮೇಲಣ ವೃತ್ತವನ್ನು ನೋಡುತ್ತಿರಲು, ಎಂಜಿನಿಯರಮ್ಮನವರು ಒಣ ಕೋಲಿನಿಂದ ಅದನ್ನು ಸ್ವಲ್ಪಸ್ವಲ್ಪವೇ ತಿರುಗಿಸಿದರು. ಒಂದು ದಿಕ್ಕಿನಲ್ಲಿ ಡೊಂಕು ಹೆಚ್ಚಿತು, ಒಂದು ದಿಕ್ಕಿನಲ್ಲಿ ಕಾಣದೆ ಹೋಯಿತು. ವಿದ್ಯುತ್ತನ್ನು ಆರಿಸಿ ಅಲ್ಲಿಯೇ ಬಿಗಿದರು. ಎರಡು ಕೋಣೆಗಳ ನಡುವಣ ಗೋಡೆಯನ್ನು ಉಕ್ಕಿನ ತಗಡಿನಿಂದ ಮಾಡಿದ್ದಕ್ಕೂ ಕಾರಣವುಂಟು. ತೆಳುವಾದ ಅಲ್ಯುಮಿನಿಯಂ ತಗಡು ಶಾಖಕ್ಕೆ ಒಳ್ಳೆಯ ಹೆದ್ದಾರಿ, ಆದರೆ ೫೦ ಆವರ್ತದ ಕಾಂತಕ್ಷೇತ್ರಕ್ಕೆ ತಡೆಯೇ ಅಲ್ಲ. ಉಕ್ಕು ಅದನ್ನು ತನ್ನೊಳಗೆ ಎಳೆದುಕೊಂಡು ಆಚೆಗೆ ಬಿಡದು. ಒಂದೇ ಲೋಹದಿಂದ ಇಡೀ ಪೆಟ್ಟಿಗೆಯನ್ನು ಮಾಡುವವರು ಈ ಭೇದವನ್ನು ಮರೆಯುತ್ತಾರೆ. ಹಗುರವೂ ತಂಪೂ ಆದ ಸ್ವಿಚಿಂಗ್ ಪವರ್ ಸಪ್ಲೈಯನ್ನು ಯಾಕೆ ಹಾಕಲಿಲ್ಲವೆಂದು ಕೆಲವರು ಕೇಳಬಹುದು. ಅದರ ಗದ್ದಲವು ಸೆಕೆಂಡಿಗೆ ಹತ್ತಾರು ಸಾವಿರ ಸಲದ್ದು. ಕಣ್ಣಿಗೆ ಹೀಗೆ ಕಾಣದಿದ್ದರೂ ತಂತಿಗಳ ಮೂಲಕ ನುಸುಳುವದು. ಕಣ್ಣಿಗೆ ಕಾಣುವ ಶತ್ರುವೇ ಮಕ್ಕಳಿಗೆ ಒಳ್ಳೆಯ ಉಪಾಧ್ಯಾಯನೆಂದು ನಮ್ಮ ಎಣಿಕೆ.

ತಂತಿಗಳ ಕಟ್ಟನ್ನೂ ಬಿಚ್ಚಬೇಕಾಯಿತು. ಹೋಗುವ ತಂತಿಯನ್ನೂ ಬರುವ ತಂತಿಯನ್ನೂ ಜಡೆಯಂತೆ ಹೆಣೆದರೆ, ಒಂದು ತಿರುವಿನಲ್ಲಿ ಹುಟ್ಟಿದ ಅಡ್ಡಿಯನ್ನು ಮುಂದಿನ ತಿರುವು ಅಳಿಸುವದು. ಟೆಲಿಫೋನ್ ತಂತಿಗಳಿಗಾಗಿ ೧೮೮೧ರಲ್ಲಿ ಗ್ರಹಾಂ ಬೆಲ್ ಅವರು ಇದಕ್ಕೆ ಪೇಟೆಂಟು ಪಡೆದರು. ಜಡೆ ಹೆಣೆಯುವ ಕೆಲಸಕ್ಕೆ ನಮ್ಮ ಹುಡುಗಿಯರಿಗೆ ಪಾಠ ಬೇಕಾಗಲಿಲ್ಲ. ಮೆಯಿನ್ಸಿನ ತಂತಿ ಒಂದು ಗೋಡೆಯನ್ನೂ ಸಂಕೇತದ ತಂತಿ ಎದುರಿನ ಗೋಡೆಯನ್ನೂ ಹಿಡಿದು ಹೋಗುವವು. ದಾಟಲೇಬೇಕಾದಲ್ಲಿ ಒಂದನ್ನೊಂದು ನೆಟ್ಟಗೆ ಅಡ್ಡವಾಗಿ ದಾಟುವವು, ಜೊತೆಯಾಗಿ ಓಡುವದಿಲ್ಲ.

ಮಸುಕು ನೀಲಿ ಗೆರೆಯ ಮೂಲವು ಇನ್ನೂ ಗೂಢವಾಗಿತ್ತು. ಗ್ಯಾಲ್ವೊಗಳ ಪ್ರವಾಹವೂ, ಬಣ್ಣಗಳ ಸಂಕೇತವೂ ಹಿಂತಿರುಗುವದಕ್ಕೆ ನಾವು ಒಂದೇ ತಂತಿಯನ್ನು ಕೊಟ್ಟಿದ್ದೆವು. ಆ ತಂತಿಯ ತಡೆಯು ಒಂದು ಓಮಿನ ಇಪ್ಪತ್ತನೆಯ ಒಂದು ಪಾಲಿದ್ದರೂ, ಅದರಲ್ಲಿ ೨ ಆಂಪಿಯರ್ ಹರಿದರೆ ಒಂದು ವೋಲ್ಟಿನ ಹತ್ತನೆಯ ಒಂದು ಪಾಲು ಏರುವದು. ಬಣ್ಣದ ಸಂಕೇತವು ಸೊನ್ನೆಯಿಂದ ೫ ವೋಲ್ಟಿನೊಳಗಿರುವದರಿಂದ, ಸೊನ್ನೆಯು ಸೊನ್ನೆಯಾಗಿ ಉಳಿಯದೆ ನೀಲಿಯನ್ನು ಸ್ವಲ್ಪ ಎಬ್ಬಿಸಿಬಿಟ್ಟಿತು. ಬಚ್ಚಲ ನೀರನ್ನೂ ಬಾವಿಕಟ್ಟೆಯ ನೀರನ್ನೂ ಒಂದೇ ಕಾಲುವೆಗೆ ಬಿಟ್ಟಂತಾಗಿತ್ತು. ಈಗ ಪ್ರತಿಯೊಂದಕ್ಕೂ ಬೇರೆ ಬೇರೆ ಹಿಂತಿರುಗುವ ತಂತಿಯಿದ್ದು, ಎಲ್ಲವೂ ಪವರ್ ಸಪ್ಲೈಯ ಒಂದೇ ಬೋಲ್ಟಿನಲ್ಲಿ ಕೂಡುವವು. ಗೆರೆ ಮಾಯವಾಯಿತು. ಈ ಸಂದರ್ಭದಲ್ಲಿ ಒಬ್ಬ ವ್ಯಾಪಾರಿಯು ಪ್ಲಗ್ಗಿನ ಅರ್ಥ್ ತಂತಿಯನ್ನು ಕತ್ತರಿಸಿದರೆ ಗದ್ದಲ ನಿಲ್ಲುವದೆಂದು ಹುಡುಗಿಯರಿಗೆ ಬುದ್ಧಿ ಹೇಳಿದ್ದನು. ನಿಲ್ಲಬಹುದು, ಆದರೆ ಒಳಗೆ ತಂತಿಯೊಂದು ಕಳಚಿ ಪೆಟ್ಟಿಗೆಗೆ ತಗಲಿದ ದಿನ, ಪೆಟ್ಟಿಗೆ ಮುಟ್ಟಿದ ಮಗುವಿನ ಉಸಿರೂ ನಿಲ್ಲುವದು. ಆ ತಂತಿಯನ್ನು ಯಾರೂ ಯಾವ ಕಾರಣಕ್ಕೂ ಕತ್ತರಿಸಕೂಡದು.

ಚುಕ್ಕೆಯ ಭಯಕ್ಕೆ ಮಾಡಿದ ಏರ್ಪಾಡು ಹೀಗಿದೆ. ಕನ್ನಡಿಗಳು ಚಲಿಸುತ್ತಿವೆಯೋ ಎಂದು ಕಾಯುವ ಚಿಕ್ಕ ಬೋರ್ಡೊಂದು, ಚಲನೆ ನಿಂತೊಡನೆ ಲೇಸರುಗಳನ್ನು ಆರಿಸುವದು. ಅದನ್ನು ಪೆಟ್ಟಿಗೆಯ ಅತ್ಯಂತ ತಂಪಾದ, ಗದ್ದಲವಿಲ್ಲದ ಮೂಲೆಯಲ್ಲಿ, ಗಾಳಿ ಒಳಗೆ ಬರುವಲ್ಲಿಯೇ ಇಟ್ಟೆವು. ಕಾವಲುಗಾರನು ಒಲೆಯ ಹತ್ತಿರ ತೂಕಡಿಸಬಾರದು. ಅದಕ್ಕೆ ವಿದ್ಯುತ್ತು ತಪ್ಪಿದರೂ ಲೇಸರುಗಳು ಆರುವಂತೆ ಜೋಡಿಸಿದ್ದೇವೆ. ಡ್ರೈವರ್ ಬೋರ್ಡಿನ ಹೀಟ್ ಸಿಂಕಿನ ಮೇಲೆ, ೬೦ ಡಿಗ್ರಿಗೆ ತಾನೇ ಲೇಸರುಗಳ ವಿದ್ಯುತ್ತನ್ನು ಕಡಿಯುವ ಶಾಖದ ಸ್ವಿಚ್ಚಿದೆ. ಕಿಟಕಿಯ ಒಳಗಡೆ ವಿದ್ಯುತ್ತಿದ್ದರೆ ಮಾತ್ರ ಎತ್ತಿಹಿಡಿಯಲ್ಪಡುವ, ಇಲ್ಲದಿದ್ದರೆ ತನ್ನ ಭಾರದಿಂದಲೇ ಬೀಳುವ ಮುಚ್ಚಳವೂ ಉಂಟು. ಇವೆಲ್ಲಾ ಇದ್ದರೂ ಕಿರಣವು ಜನರ ತಲೆಗಿಂತ ಬಹು ಮೇಲೆಯೇ ಹೋಗುವದು.

ಲೇಸರುಗಳ ಕೆಳಗೆ ಪೆಲ್ಟಿಯರ್ ತಂಪುಗಾರಕವನ್ನು ಯಾಕೆ ಇಡಲಿಲ್ಲವೆಂದರೆ, ಅದು ಶಾಖವನ್ನು ಒಂದು ಮೈಯಿಂದ ಇನ್ನೊಂದು ಮೈಗೆ ಸಾಗಿಸುವದೇ ಹೊರತು ಇಲ್ಲದಂತೆ ಮಾಡುವದಿಲ್ಲ. ತಾನು ತಿಂದ ವಿದ್ಯುತ್ತನ್ನೂ ಶಾಖವಾಗಿ ಅದಕ್ಕೆ ಕೂಡಿಸುವದು. ನಮ್ಮ ಕರಾವಳಿಯ ಮಳೆಗಾಲದಲ್ಲಿ ಸುತ್ತಣ ಗಾಳಿಗಿಂತ ತಂಪಾದ ವಸ್ತುವಿನ ಮೇಲೆಲ್ಲಾ ನೀರು ಕಟ್ಟುವದು. ಡಯೋಡಿನ ಮೇಲೆ ಹನಿ ಕಟ್ಟಿದರೆ ಅದರ ಕಥೆ ಮುಗಿಯಿತು. ಅದಕ್ಕಾಗಿ ಮುಂದಣ ಕೋಣೆಯಲ್ಲಿ ಸಿಲಿಕಾ ಜೆಲ್ಲಿನ ಚೀಲವೊಂದನ್ನು ಮಾತ್ರ ಇಟ್ಟಿದ್ದೇವೆ.

ವಾರ್ಷಿಕೋತ್ಸವದ ರಾತ್ರಿ ಯಂತ್ರವು ಒಂದೂಕಾಲು ಗಂಟೆ ನಡೆಯಿತು. ಬಿಳುಪು ಬಿಳುಪಾಗಿಯೇ ಉಳಿಯಿತು. ಪೆಟ್ಟಿಗೆಯು ಹಾರ್ಮೋನಿಯಮ್ಮಿನ ಎರಡರಷ್ಟಿದ್ದು ವೇದಿಕೆಯ ಮೇಲೆ ಒರಟಾಗಿಯೇ ಕಂಡಿತು. ೨೦೨೫ನೆಯ ಇಸವಿ ಮಾರ್ಚ್ ತಿಂಗಳ ಸೆಕೆಯಲ್ಲಿ ಮತ್ತೆ ಹತ್ತಿಸಿ ನೋಡಿದಾಗ ಅರ್ಧ ಗಂಟೆಯ ಮೇಲೆ ಕೆಂಪು ಸ್ವಲ್ಪ ಕುಂದಿದ್ದು ಕಂಡುಬಂತು. ಸುರಂಗದ ಬಾಯಿಯನ್ನು ಅಗಲಮಾಡಬೇಕೆಂದು ಆ ಹುಡುಗಿಯ ಅಭಿಪ್ರಾಯ. ಫ್ಯಾನನ್ನು ದೊಡ್ಡದು ಮಾಡಬೇಕೆಂದು ಉಳಿದವರದು. ಈ ಸಲ ನಾವು ನಡುವೆ ಮಾತಾಡಲಿಲ್ಲ.

ಮನೆಯಲ್ಲಿ ಮಾಡಬಹುದೋ ಎಂದು ಕೇಳಿದ ಪೋಷಕರಿಗೆ: ೧ ಮಿಲಿವಾಟಿಗಿಂತ ಕಡಿಮೆ ಬಲದ ಒಂದು ಕೆಂಪು ಲೇಸರಿನಿಂದ, ಹಿರಿಯರು ಜೊತೆಗಿದ್ದು ಆರಂಭಿಸಬಹುದು. ಅದಕ್ಕಿಂತ ಹೆಚ್ಚಿನದಕ್ಕೆ ಬಲ್ಲವರಿಲ್ಲದೆ ಕೈಹಾಕಬೇಡಿರಿ. ಚೌಕಳಿ ಕಾಗದದ ಆ ನಕ್ಷೆಯನ್ನು ಕಟ್ಟುಹಾಕಿಸಿ ವಿಜ್ಞಾನದ ಕೋಣೆಯ ಬಾಗಿಲ ಬಲಗಡೆಗೆ ತೂಗಹಾಕಿದ್ದೇವೆ. ಶನಿವಾರ ಮಧ್ಯಾಹ್ನಗಳಲ್ಲಿ ಬಂದವರು ಅದನ್ನೂ, ಪೆಟ್ಟಿಗೆಯ ಒಳಗನ್ನೂ ನೋಡಬಹುದು. ಜೂನ್ ತಿಂಗಳಲ್ಲಿ ಬಂದವರಿಗೆ ಸಿಲಿಕಾ ಜೆಲ್ಲನ್ನು ಹುರಿಯುವ ಕೆಲಸವೂ ಸಿಕ್ಕುವದು.